ಸಾಲದ ಷರತ್ತಿನಲ್ಲಿ ಸಿಕ್ಕ ಊರುಗಳು

1908ರ ಮೂಸಿ ಪ್ರವಾಹದಲ್ಲಿ ಸತ್ತವರೆಷ್ಟು? ಹೈದರಾಬಾದಿನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಹದಿನೈದು ಸಾವಿರ ಎನ್ನುತ್ತಾರೆ, ಐವತ್ತು ಸಾವಿರ ಎಂದವರೂ ಇದ್ದಾರೆ. ಅಂದು ಮುಳುಗಿದ ಪೇಟೆಗಳಲ್ಲಿ ಬೇಗಂ ಬಜಾರ್ ಒಂದು. ಈಗ ಅಲ್ಲಿ ಸ್ಟೀಲ್ ಪಾತ್ರೆ, ಒಣಖರ್ಜೂರ, ಮಸಾಲೆಗಳ ಸಗಟು ವ್ಯಾಪಾರ. ಕೈಗಾಡಿ ತಳ್ಳುವವರ ಕೂಗಿನ ನಡುವೆ ನಿಂತು ಮಾತಾಡುವುದೇ ಕಷ್ಟ. ಆದರೆ ನಾನು ಹುಡುಕುತ್ತಿದ್ದದ್ದು ಸತ್ತವರ ಲೆಕ್ಕವನ್ನಲ್ಲ. ಈ ಪೇಟೆ ಮತ್ತೆ ಮುಳುಗದಿರಲೆಂದು ನದಿಯ ಮೇಲ್ಭಾಗದಲ್ಲಿ ಎರಡು ಅಣೆಕಟ್ಟು ಕಟ್ಟಿದರು. ಅವುಗಳ ಹಿನ್ನೀರಿಗೆ ಹೊಲ ಬಿಟ್ಟವರು ಯಾರು, ಅವರ ಲೆಕ್ಕ ಯಾವ ಕಡತದಲ್ಲಿದೆ ಎಂಬುದು ನನ್ನ ಪ್ರಶ್ನೆ.

ಮೊದಲ ತೊಡಕು ತಾರೀಖಿನದು. ನೀರು ನುಗ್ಗಿದ್ದು 1908ರ ಸೆಪ್ಟೆಂಬರ್ 28ರಂದು. ನಿಜಾಮರ ಕಚೇರಿಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ವರ್ಷ, ಅದು ಹೊರಳುವುದು ಅಕ್ಟೋಬರ್ ಮೊದಲ ವಾರದಲ್ಲಿ. ಹೀಗಾಗಿ ಪ್ರವಾಹ ಬಿದ್ದದ್ದು ಫಸಲಿ 1317ರ ಕಟ್ಟಕಡೆಗೆ, ಅದರ ನಂತರದ ಪತ್ರವ್ಯವಹಾರವೆಲ್ಲ 1318ಕ್ಕೆ. ಹಿಜರಿಯಲ್ಲಿ ಹೇಳುವುದಾದರೆ 1326ರ ರಂಜಾನ್ ತಿಂಗಳ ಆರಂಭ. ಒಂದೇ ವರ್ಷವನ್ನು ನೆಚ್ಚಿಕೊಂಡು ಸೂಚಿಯಲ್ಲಿ ಬೆರಳಾಡಿಸಿದವನಿಗೆ ಕಾರಣ ಒಂದು ಕಂತೆಯಲ್ಲೂ ಪರಿಣಾಮ ಇನ್ನೊಂದರಲ್ಲೂ ಉಳಿದುಬಿಡುತ್ತದೆ.

ಗಟ್ಟಿ ನೆಲ ಸಿಗುವುದು ವಿಶ್ವೇಶ್ವರಯ್ಯನವರ ಬರಹದಲ್ಲಿ. ನಿಜಾಮ್ ಸರ್ಕಾರದ ಕರೆಯ ಮೇಲೆ ಅವರು 1909ರಲ್ಲಿ ಹೈದರಾಬಾದಿಗೆ ಬಂದರು, ಅದೇ ವರ್ಷ ವರದಿಯನ್ನೂ ಕೊಟ್ಟರು. ಶಂಷಾಬಾದಿನಲ್ಲಿ ಒಂದೇ ದಿನ 12.8 ಇಂಚು ಮಳೆ. ನದಿಯಲ್ಲಿ ಹರಿದದ್ದು ಗರಿಷ್ಠ 4,25,000 ಕ್ಯೂಸೆಕ್ಸ್ ಎಂಬ ಅಂದಾಜು. ಜಲಾನಯನ ಪ್ರದೇಶದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಈ ಕೊನೆಯ ಸಂಖ್ಯೆಯ ಮೇಲೆ ನಾನು ಬಹಳ ಹೊತ್ತು ಕೂತೆ. ಕೆರೆ ಎಂದಮೇಲೆ ಏರಿ, ತೂಬು, ಅಚ್ಚುಕಟ್ಟು ಇರಬೇಕು, ಉಳುವವರು ಇರಬೇಕು. ಅಂದರೆ ಪೇಟೆಯ ಮೇಲ್ಭಾಗ ಬರಿಯ ಕಾಡಾಗಿರಲಿಲ್ಲ, ಊರುಗಳು ಒತ್ತೊತ್ತಾಗಿದ್ದ ಸೀಮೆ ಅದು. ಇದು ನನ್ನ ತರ್ಕ, ಎಂಜಿನಿಯರರ ಮಾತಲ್ಲ. ಅವರ ಮುಂದಿದ್ದ ಪ್ರಶ್ನೆ ನೀರಿನದು. ಅದಕ್ಕೆ ಅವರು ಅಚ್ಚುಕಟ್ಟಾಗಿ ಉತ್ತರ ಕೊಟ್ಟಿದ್ದಾರೆ. ಆ ಉತ್ತರದಲ್ಲಿ ಮೇಲಿನ ಊರುಗಳು ಕೆರೆಗಳ ರೂಪದಲ್ಲಷ್ಟೇ ಬರುತ್ತವೆ.

ಮೂಸಿಗೆ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಈಸಿಗೆ ಕಟ್ಟಿದ ಹಿಮಾಯತ್ ಸಾಗರ 1927ರಲ್ಲಿ. ಹಣ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದಲ್ಲಿ ನಿಜಾಮರಿಗೆ ಸಾಲ ಕೊಡುತ್ತಿದ್ದ ಗೋಸಾವಿ, ಮಾರವಾಡಿ ಸಾಹುಕಾರರ ಮುಖ್ಯ ನೆಲೆಗಳಲ್ಲಿ ಬೇಗಂ ಬಜಾರೂ ಒಂದು. ಅವರ ಕೆಂಪು ಬಟ್ಟೆಯ ಬಹಿಗಳಲ್ಲಿ ಅಣೆಕಟ್ಟಿನ ಹೆಸರೂ ಇರಬಹುದು ಎಂಬ ಆಸೆ ನನಗಿತ್ತು. ಆ ದಾರಿ ಅಲ್ಲಿಗೇ ಮುಚ್ಚಿಕೊಂಡಿತು, ಏಕೆಂದರೆ ಈ ಅಣೆಕಟ್ಟುಗಳು ಎದ್ದದ್ದು ಸರ್ಕಾರಿ ಖಜಾನೆಯಿಂದ. ಆ ಖಜಾನೆಗೆ ರಾಯಚೂರು, ಗುಲ್ಬರ್ಗ, ಬೀದರಿನ ರೈತರ ಕಂದಾಯವೂ ಸೇರುತ್ತಿತ್ತು ಎಂಬುದನ್ನು ಕನ್ನಡದ ಓದುಗರಿಗೆ ನೆನಪಿಸಬಹುದು. ಸಾಲ ಕೊಟ್ಟವನಿಲ್ಲದ ಕಡೆ ‘ಹಣ ಸರಿಯಾಗಿ ಖರ್ಚಾಯಿತೇ’ ಎಂದು ಹೊರಗಿನಿಂದ ಕೇಳುವವನೂ ಇರುವುದಿಲ್ಲ. ಮುಂದೆ ಈ ಮಾತೇ ನನ್ನ ಕೈ ಹಿಡಿಯಿತು.

ಅದೇ ಹೈದರಾಬಾದ್ ಸರ್ಕಾರ 1944ರಲ್ಲಿ ಮದ್ರಾಸ್ ಸರ್ಕಾರದೊಂದಿಗೆ ತುಂಗಭದ್ರೆಯ ಒಪ್ಪಂದ ಮಾಡಿಕೊಂಡಿತು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ ನಡೆಯಿತು. ಇಲ್ಲಿ ಮುಳುಗಿದವರಿಗೆ ಸಂಖ್ಯೆ ಸಿಕ್ಕಿದೆ: 90 ಊರು, 54,452 ಜನ. ಹದಿನೈದು ಸಾವಿರವೋ ಐವತ್ತು ಸಾವಿರವೋ ಎಂದು ತಡಕಾಡಿದ ಮೇಲೆ ಬಿಡಿಸ್ಥಾನದ 2 ಕಂಡಾಗ ಖುಷಿಯಾಗುವುದು ಸಹಜ. ಆದರೆ ಆ ಖುಷಿಯನ್ನು ತಡೆಹಿಡಿಯಬೇಕು. ಅದು ಎಷ್ಟು ಜನ ಎದ್ದುಹೋದರು ಎಂದು ಹೇಳುತ್ತದೆ, ಎಲ್ಲಿ ನೆಲೆ ನಿಂತರು, ಏನು ಉಂಡರು ಎಂದು ಹೇಳುವುದಿಲ್ಲ. ನಿಖರ ಸಂಖ್ಯೆ ಎಂದರೆ ಪೂರ್ಣ ಮಾಹಿತಿ ಎಂದಲ್ಲ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಬಂದಾಗ ಚಿತ್ರ ಬದಲಾಯಿತು. ಅದರ ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಅಡಿಗಲ್ಲಿಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿ. ಈ ಯೋಜನೆಗೆ ವಿಶ್ವಬ್ಯಾಂಕ್ ಎರಡು ಸಲ ಸಾಲ ಕೊಟ್ಟಿತು: 1978ರಲ್ಲಿ 12.6 ಕೋಟಿ ಡಾಲರ್, 1989ರಲ್ಲಿ 32.5 ಕೋಟಿ ಡಾಲರ್. ಮುಳುಗಡೆ ಕುಟುಂಬಗಳ ಆದಾಯ, ಪರಿಹಾರದ ವಿಳಂಬ, ಪುನರ್ವಸತಿ ಕೇಂದ್ರಗಳ ಸ್ಥಿತಿ, ಇವುಗಳ ಬಗ್ಗೆ ಸರ್ಕಾರಿ ಪ್ರಕಟಣೆಗಳಿಗಿಂತ ಸಾಲ ಕೊಟ್ಟವರ ಕಡತಗಳಲ್ಲಿ ಹೆಚ್ಚು ವಿವರವಿದೆ. ಏಕೆ?

ಉತ್ತರ ಸಿಕ್ಕಿದ್ದು ಎರಡು ಸಾಲಗಳ ನಡುವೆ ಬರುವ ಒಂದು ಇಸವಿಯಲ್ಲಿ. ಒತ್ತಾಯದ ಸ್ಥಳಾಂತರದ ಬಗ್ಗೆ ವಿಶ್ವಬ್ಯಾಂಕ್ ತನ್ನ ಮೊದಲ ಲಿಖಿತ ನೀತಿಯನ್ನು ಹೊರಡಿಸಿದ್ದು 1980ರಲ್ಲಿ. ಮೊದಲ ಸಾಲ ಮಂಜೂರಾದಾಗ ಅಂಥ ನಿಯಮವೇ ಇರಲಿಲ್ಲ, ಎರಡನೆಯದರಲ್ಲಿ ಅದು ಷರತ್ತಾಗಿ ಕೂತಿತು. ಷರತ್ತು ಪಾಲನೆಯಾಗಲಿಲ್ಲವೆಂದು ಬ್ಯಾಂಕ್ 1992ರಲ್ಲಿ ಹಣ ತಡೆಹಿಡಿಯಿತು, 1995ರಲ್ಲಿ ಮತ್ತೊಮ್ಮೆ ತಡೆಯಿತು. ಕಂತು ಬಿಡುಗಡೆಯಾಗಬೇಕಾದರೆ ಯಾರೋ ಊರಿಗೆ ಹೋಗಿ ಎಣಿಸಲೇಬೇಕು. ಎಣಿಸಿದ್ದು ಕಾಗದಕ್ಕೆ ಇಳಿಯಿತು. ಸಂತ್ರಸ್ತರು ದಾಖಲೆಗೆ ಬಂದದ್ದರ ಹಿಂದೆ ಕರುಣೆಗಿಂತ ಹೆಚ್ಚಾಗಿ ಕೆಲಸ ಮಾಡಿದ್ದು ನಿಂತುಹೋದ ಕಂತು ಎಂಬ ತೀರ್ಮಾನಕ್ಕೆ ನಾನು ಬಂದೆ.

ಈ ತೀರ್ಮಾನವನ್ನೂ ಒರೆಗೆ ಹಚ್ಚಬೇಕು. ನರ್ಮದಾ ಅಣೆಕಟ್ಟಿನ ಬಗ್ಗೆ ಬ್ಯಾಂಕೇ ನೇಮಿಸಿದ್ದ ಮೋರ್ಸ್ ಸಮಿತಿಯ ವರದಿ ಬಂದದ್ದು 1992ರ ಜೂನ್‌ನಲ್ಲಿ. ಬ್ಯಾಂಕ್ ಜಗತ್ತಿನೆದುರು ಮುಜುಗರಪಟ್ಟ ವರ್ಷ ಅದು. ಕೃಷ್ಣೆಯ ಮೇಲಿನ ಬಿಗಿಗೆ ಅದೇ ಕಾರಣವೇ? ಹಿಂದೆಮುಂದೆ ಆದದ್ದು ಖಚಿತ, ಒಂದರಿಂದಲೇ ಇನ್ನೊಂದಾಯಿತು ಎನ್ನಲು ಅಷ್ಟು ಸಾಲದು. ಇನ್ನೊಂದು ಆಕ್ಷೇಪ ಇನ್ನೂ ಗಂಭೀರವಾದದ್ದು. ಇವೆಲ್ಲ ಸಾಲ ಕೊಟ್ಟವನು ತನ್ನ ಸಲುವಾಗಿ ಬರೆದುಕೊಂಡ ಕಾಗದಗಳು. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಹೋದವರು ಅಲ್ಲಿ ಒಂದು ‘ಕುಟುಂಬ’, ಒಂದು ಸರಾಸರಿ. ಅವರ ಮಾತು ಅಲ್ಲಿಲ್ಲ.

ಈಗ ಕೃಷ್ಣಾ ಮೇಲ್ದಂಡೆಯ ಮೂರನೇ ಹಂತ. ಆಲಮಟ್ಟಿ ಜಲಾಶಯದ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಬೇಕು, ಅದಕ್ಕೆ 75,563 ಎಕರೆ ಮುಳುಗಡೆ. ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ರೂಪಾಯಿ ಎಂದು ನಿರ್ಧರಿಸಿತು. ದರ ದೊಡ್ಡದು, ಸ್ವಾಗತಾರ್ಹ. ಆದರೆ ದರ ಜಮೀನಿನದು. ಜಮೀನಿಲ್ಲದ ಕೂಲಿಯವರನ್ನು ಎಣಿಸುವ ಕೆಲಸ 2013ರ ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮ ಅಧ್ಯಯನದ್ದು. ಪರಿಸರ ಪರಿಣಾಮ ಅಧ್ಯಯನ ನಡೆಯಬೇಕಾದ ನೀರಾವರಿ ಯೋಜನೆಗಳಿಗೆ ಅದೇ ಕಾಯ್ದೆಯ 6ನೇ ಸೆಕ್ಷನ್ ಸಾಮಾಜಿಕ ಪರಿಣಾಮ ಅಧ್ಯಯನದಿಂದ ವಿನಾಯಿತಿ ಕೊಟ್ಟಿದೆ. ಹೊರಗಿನವರು ಬಂದು ಎಣಿಸುತ್ತಾರೆಂದು ನೆಚ್ಚುವಂತಿಲ್ಲ. ಆದ್ದರಿಂದ ಮುಳುಗಡೆ ಪಟ್ಟಿಯಲ್ಲಿರುವ ಊರಿನವರಲ್ಲಿ ಒಂದು ವಿನಂತಿ: ಪಹಣಿ, ನೋಟಿಸು, ಐತೀರ್ಪು, ಪಡಿತರ ಚೀಟಿ, ಕೂಲಿ ಕಾರ್ಡು, ಎಲ್ಲದರ ಒಂದೊಂದು ನಕಲನ್ನು ಊರಿನಲ್ಲೇ ಒಂದೆಡೆ ಜೋಡಿಸಿಡಿ.