ಹಳದಿ ಕಣಗಿಲೆಯನ್ನು ಮನೆಯಂಗಳದಲ್ಲಿ ಬೆಳೆಸಬಹುದೇ?

ದನ ಮೇಯದ, ಹೆಚ್ಚು ನೀರು ಬೇಡದ, ವರ್ಷದ ಬಹುಕಾಲ ಹೂ ಬಿಡುವ ಪುಟ್ಟ ಮರ ಹಳದಿ ಕಣಗಿಲೆ. ಮೆಕ್ಸಿಕೊ, ಮಧ್ಯ ಅಮೆರಿಕ ಇದರ ತವರು. ಬಿಸಿಲಿರುವ, ನೀರು ನಿಲ್ಲದ ಜಾಗದಲ್ಲಿ ಬೀಜ ಅಥವಾ ಕಡ್ಡಿ ನೆಟ್ಟರೆ ಬರುತ್ತದೆ.

ಇದರ ನೆರಳಲ್ಲಿ ನಿಂತರೆ ವಿಷವೇರುವುದಿಲ್ಲ. ಆದರೆ ‘ಪೂಜೆಯ ಹೂವಲ್ಲವೇ, ಅಪಾಯವಿಲ್ಲ’ ಎಂಬುದೂ ತಪ್ಪು. ಮರದ ಎಲ್ಲ ಭಾಗವೂ ವಿಷ, ಬೀಜ ಅತಿ ವಿಷ. ಅದರಲ್ಲಿರುವ ಥೆವೆಟಿನ್‌ನಂಥ ರಾಸಾಯನಿಕಗಳು ಹೃದಯ ಬಡಿತವನ್ನು ಏರುಪೇರು ಮಾಡುತ್ತವೆ.

ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ಈಗಾಗಲೇ ಇದ್ದರೆ ಕಾಯಿ ಕಟ್ಟಲು ಬಿಡಬೇಡಿ. ಸವರುವಾಗ ಕೈಗವಸು ಹಾಕಿ, ಹಾಲು ಕಣ್ಣಿಗೆ ಸಿಡಿಯದಿರಲಿ.

ಮಗು ಬೀಜ ತಿಂದರೆ ವಾಂತಿ ಮಾಡಿಸಬೇಡಿ, ಮನೆಮದ್ದು ಬೇಡ. ಲಕ್ಷಣ ಕಾಣದಿದ್ದರೂ 108ಕ್ಕೆ ಕರೆ ಮಾಡಿ, ಉಳಿದ ಕಾಯಿಯೊಂದಿಗೆ ಆಸ್ಪತ್ರೆಗೆ ಹೋಗಿ.