ಸ್ನೇಹಲತಾ ರೆಡ್ಡಿ ಮತ್ತು ಎಂಟು ತಿಂಗಳ ಸೆರೆ

ಗೆಳತಿಯರೇ, ಚೆನ್ನೈ ಕನ್ನಡಿಗರಾದ ನಮಗೆ ಸ್ನೇಹಲತಾ ರೆಡ್ಡಿ ದೂರದವರಲ್ಲ. ಇಲ್ಲಿನ ‘ಮದ್ರಾಸ್ ಪ್ಲೇಯರ್ಸ್’ ರಂಗತಂಡ ಕಟ್ಟಿದವರಲ್ಲಿ ಅವರೂ ಒಬ್ಬರು. ಪತಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ದ ಚಂದ್ರಿ ಅವರೇ. ಆ ಚಿತ್ರವನ್ನು ಮೊದಲು ತಡೆದದ್ದು ಮದರಾಸಿನ ಸೆನ್ಸಾರ್ ಮಂಡಳಿ. ಆಮೇಲೆ ಅದಕ್ಕೇ 1970ರ ರಾಷ್ಟ್ರಪ್ರಶಸ್ತಿ ಬಂತು.

ತುರ್ತುಪರಿಸ್ಥಿತಿಯಲ್ಲಿ, ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರ ಗೆಳೆಯರ ಮೇಲೆಲ್ಲ ಪೊಲೀಸರ ಕಣ್ಣಿತ್ತು. ಸ್ನೇಹಲತಾ ದಂಪತಿ ಅವರ ಆಪ್ತರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಬರುವ ಹಕ್ಕು ಸದ್ಯಕ್ಕೆ ಯಾರಿಗೂ ಇಲ್ಲ ಎಂದಿತು. ನಾಲ್ಕೇ ದಿನಕ್ಕೆ, ಮೇ 2ರಂದು, ಸ್ನೇಹಲತಾ ಅವರ ಬಂಧನವಾಯಿತು. ಬರೋಡಾ ಡೈನಮೈಟ್ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಬೆಂಗಳೂರು ಜೈಲಿನಲ್ಲೇ ಇಟ್ಟರು. ತೀವ್ರ ಉಬ್ಬಸದ ನಡುವೆಯೇ ಅವರು ಡೈರಿ ಬರೆದರು. 1977ರ ಜನವರಿ 15ರಂದು ಪರೋಲ್ ಸಿಕ್ಕಿತು. 18ರಂದು ಚುನಾವಣೆ ಘೋಷಣೆಯಾಯಿತು. 20ರಂದು ಅವರು ತೀರಿಕೊಂಡರು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದಿತು. 1976ರ ಆ ತೀರ್ಪನ್ನೂ ತಳ್ಳಿಹಾಕಿತು.

ಅಂದು ಒಬ್ಬರ ಮೇಲೆ ಕಣ್ಣಿಡಲು ಪೊಲೀಸರು ಮನೆಯೆದುರು ನಿಲ್ಲಬೇಕಿತ್ತು. ಇಂದು ಎಣ್ಣೂರಿನಲ್ಲಿ ಕೂತು ನಾನು ಯಾರಿಗೆ, ಯಾವಾಗ ಫೋನ್ ಮಾಡಿದೆ ಎಂಬುದು ತಾನಾಗಿಯೇ ದಾಖಲಾಗುತ್ತದೆ. ಅದನ್ನು ಯಾರು, ಯಾವ ಕಾರಣಕ್ಕೆ ನೋಡಬಹುದು ಎಂದು ಕೇಳುವ ಹಕ್ಕು ನಮಗಿದೆ. ಮಕ್ಕಳಿಗೆ ‘ಸಂಸ್ಕಾರ’ ತೋರಿಸುವಾಗ ಚಂದ್ರಿಯ ಈ ಎಂಟು ತಿಂಗಳನ್ನೂ ಹೇಳೋಣ.