ಬೇಲಿ ಕಾಯ್ದ ಊರು

ಹೊಟ್ಟೆಪಾಡಿಗೆಂದು ಹುಟ್ಟಿದೂರು ಬಿಟ್ಟು ಬಂದವರಿಗೆ, ಬಂದ ಊರು ಎಂದಾದರೂ ತಮ್ಮದಾಗುತ್ತದೆಯೆ? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಆಗಾಗ ತಲೆಯೆತ್ತುತ್ತದೆ. ಮಕ್ಕಳಿಗೆ ಬೇಸಿಗೆ ರಜೆ ಬಂತೆಂದರೆ "ಊರಿಗೆ ಹೋಗುತ್ತೇವೆ" ಎನ್ನುತ್ತೇವೆ. ಇಪ್ಪತ್ತು ಮೂವತ್ತು ವರ್ಷ ಅನ್ನ ನೀರು ಕೊಟ್ಟ ಈ ನಗರವನ್ನು "ನಮ್ಮೂರು" ಎನ್ನಲು ಮಾತ್ರ ನಾಲಿಗೆ ತಡವರಿಸುತ್ತದೆ. ಇದೇ ಪ್ರಶ್ನೆಗೆ ದೂರದ ಆಸ್ಟ್ರೇಲಿಯದ ಗಣಿಪಟ್ಟಣವೊಂದು ಸುಮಾರು ತೊಂಬತ್ತು ವರ್ಷಗಳ ಹಿಂದೆ ಕೊಟ್ಟ ಉತ್ತರವನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಪಟ್ಟಣದ ಹೆಸರು ಬ್ರೋಕನ್ ಹಿಲ್. ಅದಿರುವುದು ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಸಿಡ್ನಿಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ವರ್ಷಕ್ಕೆ ಬೀಳುವ ಮಳೆ ಸುಮಾರು 10 ಅಂಗುಲ. ನಮ್ಮ ಚಿತ್ರದುರ್ಗದ ಬಯಲುಸೀಮೆಗೆ ಬೀಳುವುದರ ಅರ್ಧದ ಆಸುಪಾಸು. ವಿಲ್ಯಾಕಾಲಿ ಎಂಬ ಮೂಲನಿವಾಸಿಗಳ ನೆಲ ಅದು. ಅಂಥ ಒಣನೆಲದಲ್ಲಿಯೂ ಜಾಲಿಯ ಬಳಗಕ್ಕೆ ಸೇರಿದ ಮಲ್ಗಾ ಮರಗಳೂ, ಸಾಲ್ಟ್‌ಬುಷ್ ಎಂಬ ಬೂದುಬಣ್ಣದ ಪೊದೆಗಳೂ ಕುರುಚಲು ಕಾಡಾಗಿ ಹಬ್ಬಿ ಮಣ್ಣನ್ನು ಹಿಡಿದಿಟ್ಟಿದ್ದವು.

1883ರಲ್ಲಿ ಚಾರ್ಲ್ಸ್ ರಾಸ್ಪ್ ಎಂಬಾತ ಅಲ್ಲಿನ ಗುಡ್ಡವೊಂದರಲ್ಲಿ ಅದಿರನ್ನು ಗುರುತಿಸಿದ. ಕುರಿ ಸಾಕುವ ದೊಡ್ಡ ಜಮೀನಿನ ಬೇಲಿಯುದ್ದಕ್ಕೂ ಕುದುರೆಯ ಮೇಲೆ ಓಡಾಡಿ ಅದನ್ನು ಕಾಯುವುದು ಆತನ ಉದ್ಯೋಗ. ಎರಡು ವರ್ಷಗಳಲ್ಲಿ ಕಂಪನಿ ಹುಟ್ಟಿತು. ಬೆಳ್ಳಿ, ಸೀಸ, ಸತುವಿನ ಆಸೆಗೆ ನಾಲ್ಕೂ ಕಡೆಯಿಂದ ಜನ ಬಂದು ತುಂಬಿದರು. ಬಂದವರಿಗೆ ಒಲೆ ಉರಿಯಬೇಕು, ಅದಿರು ಕರಗಿಸುವ ಕುಲುಮೆಗೆ ಸೌದೆ ಬೇಕು, ಗಣಿಯೊಳಗೆ ಆಸರೆಗೆ ಮರ ಬೇಕು. ಸುತ್ತಲಿನ ಕಾಡು ಕೊಡಲಿಗೆ ಬಲಿಯಾಯಿತು. ಉಳಿದ ಚಿಗುರನ್ನು ಕುರಿ, ಮೇಕೆ, ಮೊಲಗಳು ಬುಡಸಹಿತ ಮೇಯ್ದವು. ಮೊಲವೆಂದರೆ ನಾವು ಮುದ್ದು ಪ್ರಾಣಿಯೆನ್ನುತ್ತೇವೆ; ಯುರೋಪಿನಿಂದ ತಂದು ಬಿಟ್ಟ ಮೊಲ ಆ ಖಂಡಕ್ಕೇ ಪಿಡುಗಾಯಿತು.

ಹಿಡಿದಿಡುವ ಬೇರಿಲ್ಲದ ಮೇಲೆ ಮಣ್ಣು ನಿಲ್ಲುವುದೆಲ್ಲಿ? ಗಾಳಿಯೆದ್ದರೆ ಹಗಲೇ ಕತ್ತಲೆ; ಕೆಂಪು ಧೂಳು ಊರನ್ನೇ ಮುಚ್ಚುತ್ತಿತ್ತು. ಮರಳು ಸರಿದು ಬಂದು ಬೇಲಿಗಳನ್ನು ಹೂಳಿ ಮನೆಗಳ ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳಿಂದ ಗಾಳಿಗೆ ಹಾರಿ ಬರುವ ಪುಡಿಯನ್ನು ಕಂಡವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಊರಿನ ಗಣಿಯೊಂದರಲ್ಲಿ ಆಲ್ಬರ್ಟ್ ಮಾರಿಸ್ ಎಂಬೊಬ್ಬರಿದ್ದರು. ಅದಿರಿನಲ್ಲಿ ಲೋಹವೆಷ್ಟಿದೆಯೆಂದು ಪರೀಕ್ಷಿಸುವುದು ಅವರ ಉದ್ಯೋಗ. ದಕ್ಷಿಣ ಆಸ್ಟ್ರೇಲಿಯದಲ್ಲಿ ಹುಟ್ಟಿ, ಎಳವೆಯಲ್ಲೇ ಈ ಗಣಿಸೀಮೆಗೆ ಬಂದವರು. ಬಿಡುವಿನ ವೇಳೆಯೆಲ್ಲ ಗಿಡಮರಗಳಿಗೇ ಮೀಸಲು. ಪತ್ನಿ ಮಾರ್ಗರೆಟ್ ಅವರೂ ಸಸ್ಯಗಳಲ್ಲಿ ಅಷ್ಟೇ ಆಸಕ್ತರು. ಇವರೂ ಇವರ ಗೆಳೆಯರೂ ಸೇರಿ 1920ರಲ್ಲಿ ನಿಸರ್ಗಪ್ರಿಯರ ಸಂಘವೊಂದನ್ನು ಕಟ್ಟಿದರು; ಬ್ಯಾರಿಯರ್ ಫೀಲ್ಡ್ ನ್ಯಾಚುರಲಿಸ್ಟ್ಸ್ ಕ್ಲಬ್ ಎಂದು ಅದರ ಹೆಸರು. ಸುತ್ತಲಿನ ಬಯಲನ್ನು ಅಲೆದು ಗಿಡಗಳನ್ನು ಗುರುತಿಸುವುದು, ಬೀಜ ತಂದು ಸಸಿ ಮಾಡಿ ನೋಡುವುದು, ಯಾವುದು ಮರಳಿಗೆ ತಡೆಯುತ್ತದೆ, ಯಾವುದು ಸೋಲುತ್ತದೆಯೆಂದು ಗಮನಿಸುವುದು, ಇದೇ ಮಾರಿಸ್ ಅವರ ಹದಿನಾರು ವರ್ಷಗಳ ಮೌನ ತಪಸ್ಸು.

ಈ ತಪಸ್ಸು ಫಲ ಕಂಡ ವರ್ಷ 1936. ಜಿಂಕ್ ಕಾರ್ಪೊರೇಷನ್ ಎಂಬ ಗಣಿ ಕಂಪನಿ ಊರಿನ ದಕ್ಷಿಣಕ್ಕೆ ಹೊಸ ಕಟ್ಟಡಗಳನ್ನು ಎಬ್ಬಿಸುತ್ತಿತ್ತು. ಕೋಟಿಗಟ್ಟಲೆ ಬೆಲೆಯ ಯಂತ್ರಗಳಿಗೆ ಮರಳಿನ ಕಾಟ. ಕಂಪನಿಯವರು ಮಾರಿಸ್ ಅವರ ಸಲಹೆ ಕೇಳಿದರು. ಆ ವರ್ಷದ ಮೇ ತಿಂಗಳಲ್ಲಿ 22 ಎಕರೆ ನೆಲಕ್ಕೆ ಮೊಲವೂ ನುಸುಳದಂಥ ಬೇಲಿ ಬಿತ್ತು. ಒಳಗೆ ಆ ಸೀಮೆಯ ಗಿಡಗಳನ್ನೂ ನದೀತೀರದ ಯೂಕಲಿಪ್ಟಸ್ ಸಸಿಗಳನ್ನೂ ನೆಟ್ಟು, ಗಣಿಯಲ್ಲಿ ಬಳಸಿ ಬಿಟ್ಟ ನೀರನ್ನು ಉಣಿಸಿದರು.

ಆದರೆ ಮಾರಿಸ್ ಅವರ ನಿಜವಾದ ದೊಡ್ಡತನವಿರುವುದು ನೆಟ್ಟದ್ದರಲ್ಲಲ್ಲ, ನೆಡದೆ ಬಿಟ್ಟದ್ದರಲ್ಲಿ. ಬೀಜಗಳು ಮಣ್ಣಿನಲ್ಲಿ ಸತ್ತಿಲ್ಲ, ಮಲಗಿವೆ. ಮೇಯುವ ಬಾಯನ್ನು ತಡೆದರೆ ಸಾಕು, ಮಳೆ ಬಂದಾಗ ಕಾಡು ತಾನಾಗಿಯೇ ಏಳುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಬೇಲಿಯೊಳಗೆ ಯಾರೂ ನೆಡದ ಹುಲ್ಲು, ಪೊದೆಗಳು ಮೂಡಿದಾಗ ನಗುತ್ತಿದ್ದವರೂ ಒಪ್ಪಬೇಕಾಯಿತು. ಮರುವರ್ಷ, 1937ರಲ್ಲಿ, ಬೇರೆ ಗಣಿ ಕಂಪನಿಗಳೂ ಹಣ ಹಾಕಿದವು. ಬೇಲಿ ಊರಿನ ಮಗ್ಗುಲಲ್ಲಿ ಉದ್ದುದ್ದ ಬೆಳೆಯಿತು. ಈ ಹೊಸ ಬೇಲಿಗಳೊಳಗೆ ಬಹುಪಾಲು ನೆಡುವ ಖರ್ಚೂ ಇಲ್ಲ, ನೀರಿನ ಖರ್ಚೂ ಇಲ್ಲ. ಬೇಲಿ, ಕಾವಲು, ತಾಳ್ಮೆ, ಈ ಮೂರೇ ಬಂಡವಾಳ.

"ಬೇಲಿಯೇ ಎದ್ದು ಹೊಲ ಮೇಯ್ದಂತೆ" ಎಂಬ ಗಾದೆಯನ್ನು ನಾವು ನಿತ್ಯ ಆಡುತ್ತೇವೆ. ಇಲ್ಲಿ ಬೇಲಿ ತನ್ನ ಧರ್ಮವನ್ನು ನೆಟ್ಟಗೆ ನಡೆಸಿತು. ಕಾಡನ್ನು ಸುಟ್ಟ ಗಣಿಯ ಹಣವೇ ಬೇಲಿಗೂ ಬಂದದ್ದು ಕಾಲದ ವಿಚಿತ್ರ. ಕಂಪನಿ ತನ್ನ ಯಂತ್ರಗಳ ರಕ್ಷಣೆಗಾಗಿ ಹಣ ಕೊಟ್ಟಿತೆಂಬುದೂ ನಿಜ. ಆದರೆ ಆ ಹಣಕ್ಕೆ ದಾರಿ ತೋರಿದ್ದು ಸಂಬಳವಿಲ್ಲದೆ ಬಯಲು ಅಲೆದ ಸಾಮಾನ್ಯ ಜನರ ತಿಳಿವು.

ಮಾರಿಸ್ ಅವರು ತಮ್ಮ ಕೆಲಸ ಮುಗಿದದ್ದನ್ನು ಕಾಣಲಿಲ್ಲ. 1939ರ ಜನವರಿಯಲ್ಲಿ, 52ರ ವಯಸ್ಸಿನಲ್ಲಿ ತೀರಿಕೊಂಡರು. ಮಾರ್ಗರೆಟ್ ಅವರೂ ಸಂಘದ ಗೆಳೆಯರೂ ಕೈಬಿಡಲಿಲ್ಲ. 1950ರ ದಶಕದ ಹೊತ್ತಿಗೆ ಹಸಿರು ಪಟ್ಟಿ ಊರನ್ನು ಸುತ್ತುವರಿಯಿತು. 2015ರಲ್ಲಿ ಬ್ರೋಕನ್ ಹಿಲ್ ಆಸ್ಟ್ರೇಲಿಯದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು. ಇಡೀ ನಗರವೊಂದು ಆ ಪಟ್ಟಿ ಸೇರಿದ್ದು ಅದೇ ಮೊದಲು.

ಇಲ್ಲಿ ನಮಗೂ ಒಂದು ಪಾಠವಿದೆ. ಯೂಕಲಿಪ್ಟಸ್ ಅಲ್ಲಿ ನೆಲದ ಮಗ. ಅದನ್ನೇ ನಾವು ನೀಲಗಿರಿಯೆಂದು ಕರೆದು ಕೋಲಾರದ ಹೊಲಗಳಲ್ಲಿ ಸಾಲಾಗಿ ನೆಟ್ಟೆವು. ಅಂತರ್ಜಲ ಕುಡಿಯಿತೆಂದು ಆಮೇಲೆ ಹಳಿದೆವು. ಮರದ್ದೇನು ತಪ್ಪು? ಯಾವ ನೆಲಕ್ಕೆ ಯಾವುದು ಎಂದು ಕೇಳದೆ ಹೋದದ್ದು ನಮ್ಮ ತಪ್ಪು. ಮಾರಿಸ್ ಕೇಳಿದ್ದು ಅದೊಂದನ್ನೇ.

ಅವರೂ ನಮ್ಮಂತೆ ಹುಟ್ಟಿದ್ದೊಂದು ಕಡೆ, ಬದುಕಿದ್ದೊಂದು ಕಡೆ. ದುಡಿದು ಹೊರಟುಹೋಗುವವರ ಊರಿನಲ್ಲಿ ನಿಂತು, ಅಲ್ಲಿಯ ಗಿಡಗಳ ಹೆಸರು ಕಲಿತರು. ನಮ್ಮ ಕಟ್ಟಡದ ಮುಂದಿನ ಮರಕ್ಕೆ ಈ ಊರಿನವರು ಏನೆನ್ನುತ್ತಾರೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಬಂದ ಊರನ್ನು ನಮ್ಮೂರು ಮಾಡಿಕೊಳ್ಳುವ ಕೆಲಸವನ್ನು ಅಲ್ಲಿಂದ ಆರಂಭಿಸಬಹುದು.